ಪಿಟೀಲು ಚೌಡಯ್ಯ



ಮಂತ್ರಾಲಯದ ಬಳಿ ಹರಿದು, ಸಿ. ಬೆಳಗಲ್ ಸೀಮೆಯನ್ನು ಹಾದು, ಕರ್ನೂಲಿನ ಕಡೆಗೆ ಸಾಗುವ ತುಂಗಭದ್ರಾ ನದಿಯನ್ನು ನೀವು ಬಲ್ಲಿರಿ. ತುಂಗಾ ಮತ್ತು ಭದ್ರಾ ಎಂಬ ಎರಡು ನದಿಗಳು ಶಿವಮೊಗ್ಗ ಜಿಲ್ಲೆಯ ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗುತ್ತವೆ. ಹಾಗೆಯೇ ಮೈಸೂರು ಜಿಲ್ಲೆಯಲ್ಲಿ ಕಾವೇರಿ ಮತ್ತು ಕಪಿಲಾ ನದಿಗಳು ಕೂಡುವ ಒಂದು ಊರಿದೆ. ಆ ಊರಿನ ಹೆಸರು ತಿರುಮಕೂಡಲು. ಅಲ್ಲಿ ಹುಟ್ಟಿದ ಒಬ್ಬ ಬಾಲಕ ಮುಂದೆ ದಕ್ಷಿಣ ಭಾರತವೆಲ್ಲ ಮೆಚ್ಚುವ ಸಂಗೀತಗಾರನಾದನು. ಆತನೇ ಪಿಟೀಲು ಚೌಡಯ್ಯ.

ಚೌಡಯ್ಯನವರು 1895ರಲ್ಲಿ ಒಂದು ಒಕ್ಕಲಿಗ ಮನೆತನದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಅವರಿಗೆ ಸಂಗೀತದಲ್ಲಿ ಆಸಕ್ತಿ ಮೂಡಿತು. 1910ರಲ್ಲಿ ಅವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಬಳಿ ಶಿಷ್ಯರಾಗಿ ಸೇರಿದರು. ಕೃಷ್ಣಪ್ಪನವರು ಮೈಸೂರು ಅರಮನೆಯ ವಿದ್ವಾಂಸರು, ಹೆಸರಾಂತ ಹಾಡುಗಾರರು. ದಾಸರ ಪದಗಳನ್ನು ಕಚೇರಿಗಳಲ್ಲಿ ಭಾವತುಂಬಿ ಹಾಡುತ್ತಿದ್ದರು. ಅವರದು ಕಟ್ಟುನಿಟ್ಟಿನ ಪಾಠ. ಚೌಡಯ್ಯನವರು ಹಲವು ವರ್ಷ ಗುರುಗಳ ಬಳಿ ಇದ್ದು ಶ್ರದ್ಧೆಯಿಂದ ಸಾಧನೆ ಮಾಡಿದರು. ಗುರುಗಳು ಹಾಡುಗಾರರು, ಶಿಷ್ಯರು ಪಿಟೀಲು ನುಡಿಸುವವರು. ಆದ್ದರಿಂದ ಗುರುಗಳ ಕಂಠದಲ್ಲಿ ಕೇಳಿದ್ದನ್ನು ತಂತಿಯ ಮೇಲೆ ತರುವುದೇ ಶಿಷ್ಯರ ಅಭ್ಯಾಸವಾಯಿತು.

ಮಕ್ಕಳೇ, ನೀವು ಪಿಟೀಲನ್ನು ನೋಡಿದ್ದೀರಾ? ಅದು ಮರದಿಂದ ಮಾಡಿದ ಹಗುರವಾದ ವಾದ್ಯ. ಅದರ ಒಡಲು ಟೊಳ್ಳು. ಮೇಲೆ ನಾಲ್ಕು ತಂತಿಗಳನ್ನು ಬಿಗಿದಿರುತ್ತಾರೆ. ಕುದುರೆಯ ಬಾಲದ ಕೂದಲು ಕಟ್ಟಿದ ಕಮಾನನ್ನು ತಂತಿಗಳ ಮೇಲೆ ಎಳೆದಾಗ ನಾದ ಹೊರಡುತ್ತದೆ. ಇದು ಯುರೋಪಿನಿಂದ ನಮ್ಮ ದೇಶಕ್ಕೆ ಬಂದ ವಾದ್ಯ. ಅಲ್ಲಿ ಇದನ್ನು ಗದ್ದಕ್ಕೆ ಆನಿಸಿಕೊಂಡು ನುಡಿಸುತ್ತಾರೆ. ಸುಮಾರು 200 ವರ್ಷಗಳ ಹಿಂದೆ ತಮಿಳುನಾಡಿನ ಬಾಲುಸ್ವಾಮಿ ದೀಕ್ಷಿತರು ಇದನ್ನು ಕರ್ನಾಟಕ ಸಂಗೀತಕ್ಕೆ ಅಳವಡಿಸಿದರು. ನಮ್ಮವರು ನೆಲದ ಮೇಲೆ ಕುಳಿತು, ವಾದ್ಯದ ಒಂದು ತುದಿಯನ್ನು ಎದೆಗೂ ಇನ್ನೊಂದು ತುದಿಯನ್ನು ಪಾದಕ್ಕೂ ಆನಿಸಿ ನುಡಿಸುವುದನ್ನು ರೂಢಿಸಿಕೊಂಡರು.

ಸಂಗೀತ ಕಚೇರಿಯಲ್ಲಿ ಪಿಟೀಲು ಸಾಮಾನ್ಯವಾಗಿ ಪಕ್ಕವಾದ್ಯ. ಹಾಡುಗಾರರು ಹಾಡಿದ್ದನ್ನು ಪಿಟೀಲು ಹಿಂಬಾಲಿಸಬೇಕು. ಅವರು ನಿಲ್ಲಿಸಿದಾಗ ತಾನು ಮುಂದುವರಿಸಬೇಕು. ಆದರೆ ಚೌಡಯ್ಯನವರ ತಾರುಣ್ಯದ ದಿನಗಳಲ್ಲಿ ಈಗಿನಂತೆ ಧ್ವನಿವರ್ಧಕಗಳು ಇರಲಿಲ್ಲ. ಆಗಿನ ಹಾಡುಗಾರರು ಗಟ್ಟಿಯಾದ ದನಿಯಲ್ಲಿ, ಏರಿದ ಶ್ರುತಿಯಲ್ಲಿ ಹಾಡುತ್ತಿದ್ದರು. ಕಚೇರಿಗೆ ನೂರಾರು ಜನ ಸೇರುತ್ತಿದ್ದರು. ಮುಂದೆ ಕುಳಿತವರಿಗೆ ಪಿಟೀಲಿನ ನಾದ ಚೆನ್ನಾಗಿ ಕೇಳುತ್ತಿತ್ತು. ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಅದು ಕೇಳಿಸುತ್ತಿರಲಿಲ್ಲ. ಅವರೂ ಅಷ್ಟೇ ಆಸೆಯಿಂದ ಬಂದವರಲ್ಲವೇ? ಈ ಕೊರತೆ ಚೌಡಯ್ಯನವರನ್ನು ಕಾಡಿತು. ಹಿಂದೆ ಕುಳಿತವರಿಗೂ ಕೇಳುವಂತೆ ನುಡಿಸುವುದು ಹೇಗೆ ಎಂದು ಅವರು ಯೋಚಿಸಿದರು.

ಅವರು ವಾದ್ಯವನ್ನೇ ಬದಲಾಯಿಸಲು ಮನಸ್ಸು ಮಾಡಿದರು. ನಾಲ್ಕು ತಂತಿಗಳ ಜೊತೆಗೆ ಇನ್ನೂ ಮೂರು ತಂತಿಗಳನ್ನು ಸೇರಿಸಿದರು. 1927ರ ಹೊತ್ತಿಗೆ ಏಳು ತಂತಿಗಳ ಪಿಟೀಲು ಸಿದ್ಧವಾಯಿತು. ಒಂದೇ ಎಳೆತಕ್ಕೆ ಹಳೆಯ ತಂತಿಯೂ ಹೊಸ ತಂತಿಯೂ ಜೊತೆಗೂಡಿ ನುಡಿದಾಗ ನಾದ ತುಂಬಿ ಬಂತು. ಅದು ದೂರದವರೆಗೂ ಕೇಳಿಸಿತು.

ಇದು ಹೇಳಿದಷ್ಟು ಸುಲಭದ ಕೆಲಸವಲ್ಲ. ತಂತಿ ಹೆಚ್ಚಿದರೆ ಅದನ್ನು ಬಿಗಿಯುವ ಬಿರಡೆಯೂ ಹೆಚ್ಚಬೇಕು. ಅಷ್ಟೂ ತಂತಿಗಳ ಎಳೆತವನ್ನು ತೆಳುವಾದ ಮರ ತಡೆದುಕೊಳ್ಳಬೇಕು. ಜೊತೆಯಾಗಿ ನುಡಿಯುವ ತಂತಿಗಳ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಕಿವಿಗೆ ಕರ್ಕಶವಾಗುತ್ತದೆ. ಎಡಗೈ ಬೆರಳು ಹೆಚ್ಚು ತಂತಿಗಳನ್ನು ಒಟ್ಟಿಗೆ ಒತ್ತಬೇಕು. ಬಲಗೈ ಕಮಾನನ್ನು ಹದವರಿತು ಎಳೆಯಬೇಕು. ಹಳೆಯ ಪದ್ಧತಿಗೆ ಒಗ್ಗಿದ ಕೆಲವರು ಈ ಹೊಸ ವಾದ್ಯವನ್ನು ಒಪ್ಪಲಿಲ್ಲ. ಆದರೂ ಚೌಡಯ್ಯನವರು ಅಭ್ಯಾಸ ಮುಂದುವರಿಸಿದರು. ಅವರ ಪಿಟೀಲಿನ ನಾದವನ್ನು ಕೇಳಿದ ಜನ ತಲೆದೂಗಿದರು.

ಅಂದಿನ ದೊಡ್ಡ ದೊಡ್ಡ ಹಾಡುಗಾರರು ತಮ್ಮ ಕಚೇರಿಗಳಿಗೆ ಚೌಡಯ್ಯನವರನ್ನು ಕರೆಸಿಕೊಂಡರು. ಕೇರಳದ ಚೆಂಬೈ ವೈದ್ಯನಾಥ ಭಾಗವತರದು ಗುಡುಗಿನಂತಹ ಕಂಠ. ಅವರಿಗೆ ಚೌಡಯ್ಯನವರ ಪಿಟೀಲು, ಪಾಲಘಾಟ್ ಮಣಿ ಅಯ್ಯರ್ ಅವರ ಮೃದಂಗ ಸೇರಿದರೆ ಕೇಳುಗರಿಗೆ ಹಬ್ಬವಾಗುತ್ತಿತ್ತು. ಮೈಸೂರು ಅರಮನೆಯು ಚೌಡಯ್ಯನವರನ್ನು ಆಸ್ಥಾನ ವಿದ್ವಾಂಸರನ್ನಾಗಿ ಮಾಡಿಕೊಂಡು ಗೌರವಿಸಿತು.

ಅದೇ ಕಾಲದಲ್ಲಿ ಆಂಧ್ರದಲ್ಲಿಯೂ ಒಬ್ಬ ಮಹಾನ್ ಪಿಟೀಲು ವಿದ್ವಾಂಸರಿದ್ದರು. ಅವರೇ ದ್ವಾರಂ ವೆಂಕಟಸ್ವಾಮಿ ನಾಯ್ಡು. ಅವರು ಹುಟ್ಟಿದ್ದು ಬೆಂಗಳೂರಿನಲ್ಲಿ, ಹೆಸರು ಗಳಿಸಿದ್ದು ವಿಜಯನಗರಂನಲ್ಲಿ. ನಾಯ್ಡು ಅವರು ನಾಲ್ಕು ತಂತಿಗಳಲ್ಲಿಯೇ ಇಂಪನ್ನು ತುಂಬಿದರು, ಚೌಡಯ್ಯನವರು ಏಳು ತಂತಿಗಳನ್ನು ನುಡಿಸಿದರು. ಇಬ್ಬರ ದಾರಿ ಬೇರೆಯಾದರೂ ಇಬ್ಬರನ್ನೂ ಜನ ಪ್ರೀತಿಸಿದರು.

ಚೌಡಯ್ಯನವರು ತಾವು ಕಲಿತದ್ದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನು ಸ್ಥಾಪಿಸಿದರು. ಆರ್. ಆರ್. ಕೇಶವಮೂರ್ತಿ, ಕಂಡದೇವಿ ಅಳಗಿರಿಸ್ವಾಮಿ ಮೊದಲಾದವರು ಅವರ ಶಿಷ್ಯರು. ಕೇಶವಮೂರ್ತಿಯವರು ಏಳು ತಂತಿಯ ಪಿಟೀಲನ್ನೇ ನುಡಿಸಿ ಗುರುಗಳ ದಾರಿಯನ್ನು ಮುಂದುವರಿಸಿದರು. ಚೌಡಯ್ಯನವರು ಹಲವು ಕೃತಿಗಳನ್ನೂ ರಚಿಸಿದ್ದಾರೆ. ಅವುಗಳಲ್ಲಿ ಬರುವ ಅಂಕಿತ ತ್ರಿಮಕುಟ. ಇದು ಅವರ ಹುಟ್ಟೂರನ್ನು ನೆನಪಿಸುವ ಹೆಸರು. 1943ರಲ್ಲಿ ಅವರು ವಾಣಿ ಎಂಬ ಕನ್ನಡ ಚಲನಚಿತ್ರವನ್ನು ಸಹ ನಿರ್ಮಿಸಿದರು.

1957ರಲ್ಲಿ ಮದ್ರಾಸಿನ ಸಂಗೀತ ಅಕಾಡೆಮಿಯು ಅವರಿಗೆ ಸಂಗೀತ ಕಲಾನಿಧಿ ಎಂಬ ಬಿರುದನ್ನು ನೀಡಿತು. ಕರ್ನಾಟಕ ಸಂಗೀತಗಾರರಿಗೆ ಇದು ಬಹು ದೊಡ್ಡ ಗೌರವ. ಅಷ್ಟು ಹೊತ್ತಿಗೆ ಧ್ವನಿವರ್ಧಕಗಳು ಎಲ್ಲ ಕಡೆ ಬಂದಿದ್ದವು. ದೂರದವರಿಗೆ ಕೇಳಿಸಲು ಏಳು ತಂತಿಗಳೇ ಬೇಕೆಂಬ ಅಗತ್ಯ ಉಳಿದಿರಲಿಲ್ಲ. ಆದರೆ ಆ ತಂತಿಗಳಿಂದ ಹೊರಡುವ ತುಂಬುನಾದವನ್ನು ಜನ ಪ್ರೀತಿಸುತ್ತಿದ್ದರು. 1967ರ ಜನವರಿ 19ರಂದು ಚೌಡಯ್ಯನವರು ನಿಧನರಾದರು.

ಬೆಂಗಳೂರಿನಲ್ಲಿ ಅವರ ನೆನಪಿಗಾಗಿ ಕಟ್ಟಿದ ಚೌಡಯ್ಯ ಸ್ಮಾರಕ ಭವನವಿದೆ. 1980ರಲ್ಲಿ ಆರಂಭವಾದ ಆ ಕಟ್ಟಡದ ಆಕಾರವೇ ಪಿಟೀಲು! ಅದರಲ್ಲಿಯೂ ತಂತಿಗಳು ಏಳು. ನೀವು ಬೆಂಗಳೂರಿಗೆ ಹೋದಾಗ ಅದನ್ನು ತಪ್ಪದೆ ನೋಡಿರಿ.

ಮಕ್ಕಳೇ, ನಿಮ್ಮ ತರಗತಿಯಲ್ಲಿಯೂ ಕೊನೆಯ ಸಾಲಿನಲ್ಲಿ ಕುಳಿತವರಿದ್ದಾರೆ. ನೀವು ಎದ್ದು ನಿಂತು ಪದ್ಯ ಹಾಡುವಾಗ, ಪಾಠ ಓದುವಾಗ, ನಿಮ್ಮ ದನಿ ಅವರಿಗೂ ಕೇಳುತ್ತಿದೆಯೇ ಎಂದು ಗಮನಿಸಿರಿ. ಕೇಳದಿದ್ದರೆ ಏನು ಮಾಡಬಹುದೆಂದು ಚೌಡಯ್ಯನವರಂತೆ ನೀವೂ ಯೋಚಿಸಿರಿ.