ಗ್ರೇಸ್ ಹಾಪರ್: ಯಂತ್ರಕ್ಕೆ ನಮ್ಮ ಮಾತು ಕಲಿಸಿದ ಅಜ್ಜಿ

ಸೆಮಿಸ್ಟರ್ ರಜೆಗೆ ಊರಿಗೆ ಹೋದರೆ ಬ್ಯಾಗ್ ಕೆಳಗಿಡೋಕೂ ಮೊದಲೇ ಅಮ್ಮನ ಫೋನ್ ನಮ್ಮ ಕೈಗೆ ಬರುತ್ತೆ. ಗ್ರೂಪಲ್ಲಿ ಬಂದ ಫೋಟೋ ತೆರೆಯುತ್ತಿಲ್ಲ. ಅಪ್ಪನ ಫೋನ್ ರಿಂಗೇ ಆಗಲ್ಲ. ಪಕ್ಕದ ಮನೆ ಆಂಟಿಗೆ ಓಟಿಪಿ ಬರ್ತಿಲ್ಲ. ಸಿಎಸ್ ಆಗಲಿ ಸಿವಿಲ್ ಆಗಲಿ, ಇಂಜಿನಿಯರಿಂಗ್ ಓದ್ತಿದೀವಿ ಅಂದಮೇಲೆ ಬೀದಿಗೆಲ್ಲ ನಾವೇ ಮೆಕ್ಯಾನಿಕ್ಕು. ನಾವಾದರೂ ಏನು ಮಾಡ್ತೀವಿ? ಫೋನ್ ಕಿತ್ಕೊಂಡು, ಟಪಟಪ ಅಂತ ನಾಲ್ಕು ಕಡೆ ಒತ್ತಿ, ಇಷ್ಟೂ ಗೊತ್ತಾಗಲ್ವಾ ಅಂತ ಗೊಣಗಿ ವಾಪಸ್ ಕೊಡ್ತೀವಿ. ಮುಂದಿನ ವಾರ ಅದೇ ಸಮಸ್ಯೆ ಹೇಳ್ಕೊಂಡು ಹಾಸ್ಟೆಲ್‌ಗೆ ಕರೆ ಬರುತ್ತೆ.

ಈ ಸಲ ರಜೆಗೆ ಹೊರಡುವ ಮುಂಚೆ ಒಬ್ಬ ಅಜ್ಜಿಯ ಕಥೆ ಓದ್ಕೊಂಡು ಹೋಗೋಣ. ಹೆಸರು ಗ್ರೇಸ್ ಹಾಪರ್. ಕಂಪೈಲರ್ ಕ್ಲಾಸಿನಲ್ಲೋ ಕ್ವಿಜ್‌ನಲ್ಲೋ ಈ ಹೆಸರನ್ನು ನೀವು ಕೇಳಿರ್ತೀರಿ.

ಅವರು ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕ್ ನಗರದಲ್ಲಿ. ಏಳು ವರ್ಷದ ಹುಡುಗಿಯಾಗಿದ್ದಾಗ ಅಲಾರಂ ಗಡಿಯಾರ ಹೇಗೆ ಕೆಲಸ ಮಾಡುತ್ತೆ ಅಂತ ನೋಡೋಕೆ ಒಂದನ್ನು ಬಿಚ್ಚಿದರು. ಮತ್ತೆ ಜೋಡಿಸೋಕೆ ಆಗಲಿಲ್ಲ. ಎರಡನೆಯದನ್ನು ಬಿಚ್ಚಿದರು. ಹೀಗೆ ಮನೆಯಲ್ಲಿದ್ದ ಏಳೂ ಗಡಿಯಾರಗಳು ಬಿಡಿಭಾಗಗಳಾದವು. ತಾಯಿ ಬೈದು ಕೂರಿಸಲಿಲ್ಲ. ಇನ್ನು ಮುಂದೆ ಒಂದು ಗಡಿಯಾರ ಮಾತ್ರ ನಿನ್ನದು, ಅದನ್ನೇ ಬಿಚ್ಚು ಅಂತ ಗೆರೆ ಹಾಕಿದರು, ಅಷ್ಟೇ.

ವಾಸರ್ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರ ಓದಿ 1928ರಲ್ಲಿ ಪದವಿ ಪಡೆದರು. 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಬಂತು. ಅಷ್ಟರಲ್ಲಾಗಲೇ ವಾಸರ್‌ನಲ್ಲೇ ಪಾಠ ಮಾಡ್ತಿದ್ದರು. ಎರಡನೇ ಮಹಾಯುದ್ಧ ಶುರುವಾಗದೇ ಇದ್ದಿದ್ದರೆ ಬಹುಶಃ ಅಲ್ಲೇ ಮೇಡಂ ಆಗಿ ನಿವೃತ್ತಿಯಾಗ್ತಿದ್ದರೇನೋ.

ಯುದ್ಧಕ್ಕೆ ನೌಕಾಪಡೆ ಸೇರ್ತೀನಿ ಅಂತ ಹಟ ಹಿಡಿದರು. ವಯಸ್ಸು ಹೆಚ್ಚಾಯ್ತು ಅಂದರು. ತೂಕ ನೋಡಿದರೆ ಬೇಕಾದ್ದಕ್ಕಿಂತ ಸುಮಾರು 7 ಕೆ.ಜಿ. ಕಡಿಮೆ. ವಿನಾಯಿತಿ ಪಡೆದು 1943ರ ಕೊನೆಯಲ್ಲಿ ಸೇರಿಯೇಬಿಟ್ಟರು. ತರಬೇತಿಯಲ್ಲಿ ಮೊದಲ ಸ್ಥಾನ. ಹಡಗು ಹತ್ತಿಸುವ ಬದಲು ನೌಕಾಪಡೆ ಅವರನ್ನು ಕಳಿಸಿದ್ದು ಹಾರ್ವರ್ಡ್‌ನ ಒಂದು ನೆಲಮಾಳಿಗೆಗೆ. ಅಲ್ಲಿ ಹೋವರ್ಡ್ ಏಕನ್ ರೂಪಿಸಿದ ಮಾರ್ಕ್ 1 ಯಂತ್ರ ಇತ್ತು. 51 ಅಡಿ ಉದ್ದ, 8 ಅಡಿ ಎತ್ತರ. ಸೆಕೆಂಡಿಗೆ ಮೂರು ಕೂಡುವ ಲೆಕ್ಕ ಮಾಡ್ತಿತ್ತು; ಒಂದು ಗುಣಾಕಾರಕ್ಕೆ 6 ಸೆಕೆಂಡು. ಪ್ರೋಗ್ರಾಂ ಅಂದರೆ ಕಾಗದದ ಪಟ್ಟಿಯಲ್ಲಿ ತೂತು.

ಕೆಲಸ ಕಲಿತ ಸ್ವಲ್ಪ ದಿನಕ್ಕೇ ಏಕನ್ ಈ ಯಂತ್ರಕ್ಕೊಂದು ಕೈಪಿಡಿ ಬರೀರಿ ಅಂತ ಆದೇಶ ಕೊಟ್ಟರು. ತಾನು ಪುಸ್ತಕ ಬರೆದವಳಲ್ಲ ಅಂತ ಹಾಪರ್ ಹಿಂಜರಿದರು. ನೌಕಾಪಡೆಯಲ್ಲಿ ಹಿಂಜರಿಕೆಗೆ ಜಾಗ ಎಲ್ಲಿ? 1946ರಲ್ಲಿ 500ಕ್ಕೂ ಹೆಚ್ಚು ಪುಟಗಳ ಆ ಕೈಪಿಡಿ ಪ್ರಕಟವಾಯಿತು. ಯಂತ್ರವನ್ನು ಕಟ್ಟದವರಿಗೂ ಅದನ್ನು ಓದಿ ಯಂತ್ರ ನಡೆಸೋಕೆ ಸಾಧ್ಯವಾಗಬೇಕಿತ್ತು. ಹಾಪರ್ ಜೀವನಪೂರ್ತಿ ಮಾಡಿದ್ದು ಒಂದು ರೀತಿ ಇದೇ ಕೆಲಸ.

ಇನ್ನು ಆ ಪತಂಗದ ಕಥೆ. 1947ರ ಸೆಪ್ಟೆಂಬರ್ 9ರಂದು ಮಾರ್ಕ್ 2 ಯಂತ್ರ ಕೈಕೊಟ್ಟಾಗ ರಿಲೇ ಒಂದರೊಳಗೆ ಪತಂಗ ಸಿಕ್ಕಿಬಿದ್ದಿತ್ತು. ಅದನ್ನು ತೆಗೆದು ಲಾಗ್‌ಬುಕ್ಕಿಗೆ ಅಂಟಿಸಿದರು. ಬಗ್ ಅನ್ನೋ ಪದ ಹುಟ್ಟಿದ್ದೇ ಅವತ್ತು, ಹಿಡಿದವರೇ ಹಾಪರ್ ಅಂತ ನಾವೆಲ್ಲ ಓದಿದ್ದೀವಿ. ಎರಡೂ ಸರಿಯಲ್ಲ. ಎಡಿಸನ್ ಕಾಲದಲ್ಲೇ ಯಂತ್ರದ ದೋಷಕ್ಕೆ ಆ ಪದ ಬಳಕೆಯಲ್ಲಿತ್ತು. ಹುಳ ಹಿಡಿದವರು ಬೇರೆಯವರು. ಹಾಪರ್ ಅದನ್ನು ಎಲ್ಲರಿಗೂ ರಸವತ್ತಾಗಿ ಹೇಳಿ ಹೇಳಿ ಪ್ರಸಿದ್ಧ ಮಾಡಿದರು.

ಯುದ್ಧ ಮುಗಿದ ಮೇಲಿನ ವರ್ಷಗಳು ಸುಲಭವಾಗಿರಲಿಲ್ಲ. ಮದುವೆ ಮುರಿದುಬಿದ್ದಿತ್ತು, ಹಾರ್ವರ್ಡ್‌ನಲ್ಲಿ ಕಾಯಂ ಹುದ್ದೆ ಸಿಗಲಿಲ್ಲ, ಕುಡಿತದ ಕಾಟವೂ ಸೇರಿಕೊಂಡಿತ್ತು. ಅದರ ಮಧ್ಯೆಯೇ 1949ರಲ್ಲಿ ಫಿಲಡೆಲ್ಫಿಯಾದ ಎಕರ್ಟ್-ಮಾಕ್ಲಿ ಕಂಪನಿ ಸೇರಿದರು. ಅಲ್ಲಿ ಯೂನಿವ್ಯಾಕ್ ತಯಾರಾಗ್ತಿತ್ತು.

ಆಗೆಲ್ಲ ಪ್ರೋಗ್ರಾಂ ಬರೆಯುವವರು ತಮ್ಮ ನೋಟ್‌ಬುಕ್ಕಿನಲ್ಲಿದ್ದ ಹಳೆಯ ಸಬ್‌ರೂಟೀನ್‌ಗಳನ್ನು ಕೈಯಲ್ಲೇ ಕಾಪಿ ಮಾಡಿ, ವಿಳಾಸಗಳಿಗೆ ಸಂಖ್ಯೆ ಕೂಡಿಸಿ ಹೊಸ ಪ್ರೋಗ್ರಾಮಿಗೆ ಸೇರಿಸಬೇಕಿತ್ತು. ಎಂಥ ಗಣಿತಜ್ಞರೂ ಕಾಪಿ ಮಾಡುವಾಗ ಒಂದಕ್ಷರ ತಪ್ಪುತ್ತಿದ್ದರು, ಕೂಡುವಾಗ ಒಂದಂಕಿ ಜಾರಿಸುತ್ತಿದ್ದರು. ಇನ್ನಷ್ಟು ಹುಷಾರಾಗಿರಿ ಅಂತ ಬೋರ್ಡ್ ಹಾಕಬಹುದಿತ್ತು. ಹಾಪರ್ ಯೋಚಿಸಿದ್ದು ಬೇರೆ ಥರ: ತಪ್ಪಿಲ್ಲದೆ ಕಾಪಿ ಮಾಡೋದು, ಕೂಡೋದು ಯಂತ್ರಕ್ಕೆ ಚೆನ್ನಾಗಿ ಬರುತ್ತೆ, ಆ ಕೆಲಸ ಅದಕ್ಕೇ ಕೊಡೋಣ. ಸಬ್‌ರೂಟೀನ್‌ಗಳನ್ನು ಟೇಪಿನಲ್ಲಿಟ್ಟು, ಸಂಕೇತ ಕೊಟ್ಟರೆ ಯಂತ್ರವೇ ಹುಡುಕಿ ಜೋಡಿಸುವ ಹಾಗೆ ಮಾಡಿದರು. 1952ರ ಹೊತ್ತಿಗೆ ಎ-0 ಓಡಿತು. ಇವತ್ತಿನ ಲೆಕ್ಕದಲ್ಲಿ ಅದನ್ನು ಲಿಂಕರ್ ಅನ್ನಬಹುದು. ಅವರು ಕಂಪೈಲರ್ ಅಂತ ಕರೆದರು. ಆ ಹೆಸರೇ ನಿಂತಿತು.

ಯೂನಿವ್ಯಾಕ್ ಕೊಂಡ ಕಂಪನಿಗಳಲ್ಲಿ ಸಂಬಳದ ಲೆಕ್ಕ, ಗೋದಾಮಿನ ಲೆಕ್ಕ ನೋಡುವವರಿದ್ದರು. ಅವರಿಗೆ ಗಣಿತದ ಚಿಹ್ನೆ ಕಂಡರೆ ಆಗುತ್ತಿರಲಿಲ್ಲ. ಅವರಿಗೆ ಚಿಹ್ನೆ ಕಲಿಸುವ ಬದಲು ಅವರು ದಿನಾ ಆಡುವ ಇಂಗ್ಲಿಷ್ ಪದಗಳಲ್ಲೇ ಪ್ರೋಗ್ರಾಂ ಬರೆಯಲಿ ಅಂತ ಹಾಪರ್ ಪ್ರಸ್ತಾಪ ಇಟ್ಟರು. ಕಂಪ್ಯೂಟರಿಗೆ ಇಂಗ್ಲಿಷ್ ಅರ್ಥವಾಗಲ್ಲ ಅಂತ ಮೇಲಿನವರು ತಳ್ಳಿಹಾಕಿದರು. ಹಾಪರ್ ತಂಡ ಪುಟ್ಟದೊಂದು ಪ್ರೋಗ್ರಾಮನ್ನು ಇಂಗ್ಲಿಷಿನಲ್ಲಿ ಓಡಿಸಿ ತೋರಿಸಿತು. ಅದೇ ಪ್ರೋಗ್ರಾಮನ್ನು ಫ್ರೆಂಚಿನಲ್ಲಿ, ಜರ್ಮನ್ನಿನಲ್ಲಿ ಕೂಡ. ಯಂತ್ರದ ಪಾಲಿಗೆ ಪದ ಅನ್ನೋದು ಬಿಟ್‌ಗಳ ಒಂದು ವಿನ್ಯಾಸ ಮಾತ್ರ, ಯಾವ ಭಾಷೆಯಾದರೇನು ಅನ್ನೋದು ಅವರ ಪಾಯಿಂಟು. ಆದರೆ ಅಮೆರಿಕದ ಕಂಪ್ಯೂಟರ್ ಫ್ರೆಂಚ್ ಮಾತಾಡೋದಾ ಅಂತ ಮೇಲಿನವರು ಇನ್ನಷ್ಟು ಗಾಬರಿಯಾದರು! ಕೊನೆಗೆ ಇಂಗ್ಲಿಷ್ ಒಂದೇ ಅಂತ ಒಪ್ಪಿಕೊಂಡು ಫ್ಲೋ-ಮ್ಯಾಟಿಕ್ ತಯಾರಾಯಿತು. 1959ರಲ್ಲಿ ಕೋಬಾಲ್ ರೂಪಿಸುವ ಕೆಲಸ ಶುರುವಾದಾಗ ಅದಕ್ಕೆ ಮುಖ್ಯ ತಳಪಾಯ ಇದೇ.

ಇಲ್ಲಿ ಒಂದು ಕ್ಷಣ ನಮ್ಮ ಫೋನ್ ನೋಡ್ಕೊಳ್ಳೋಣ. ಯೂನಿಕೋಡ್‌ನಲ್ಲಿ ಕ ಅನ್ನೋ ಅಕ್ಷರ ದಶಮಾಂಶದಲ್ಲಿ 3221. ಯಂತ್ರಕ್ಕೆ ಅದು ಬರೀ ಸಂಖ್ಯೆ. ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಇದ್ದರೂ ಅಮ್ಮನ ಫೋನ್ ಇಂಗ್ಲಿಷಿನಲ್ಲೇ ಇದೆ ಅಂದರೆ, ತಡೆದಿರೋದು ಯಂತ್ರ ಅಲ್ಲ.

1966ರಲ್ಲಿ ನೌಕಾಪಡೆಯ ಮೀಸಲು ಪಡೆಯಿಂದ ನಿವೃತ್ತಿ ಕೊಟ್ಟರು. ಮರುವರ್ಷವೇ ಆರು ತಿಂಗಳ ಮಟ್ಟಿಗೆ ಬನ್ನಿ ಅಂತ ವಾಪಸ್ ಕರೆದರು. ಒಂದು ಕಂಪನಿಯ ಯಂತ್ರದಲ್ಲಿ ಓಡುವ ಕೋಬಾಲ್ ಇನ್ನೊಂದರಲ್ಲಿ ಓಡ್ತಿರಲಿಲ್ಲ. ಒಂದು ಫೋನಿನಲ್ಲಿ ಸರಿಯಿದ್ದ ಆಪ್ ಇನ್ನೊಂದರಲ್ಲಿ ಬೀಳುತ್ತಲ್ಲ, ಹಾಗೆ. ಕಂಪೈಲರ್‌ಗಳು ಒಂದೇ ಮಾನದಂಡಕ್ಕೆ ಬದ್ಧವಾಗಿವೆಯೇ ಅಂತ ನೋಡುವ ಪರೀಕ್ಷೆಗಳನ್ನು ಅವರ ತಂಡ ರೂಪಿಸಿತು. ಆರು ತಿಂಗಳು ಅಂತ ಹೋದವರು ಸುಮಾರು 19 ವರ್ಷ ಅಲ್ಲೇ ಇದ್ದರು. 1986ರಲ್ಲಿ ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದಾಗ ವಯಸ್ಸು 79.

ಉಪಗ್ರಹದ ಮೂಲಕ ಕಳಿಸಿದ ಸಂದೇಶಕ್ಕೆ ಯಾಕಿಷ್ಟು ಹೊತ್ತು ಅಂತ ದೊಡ್ಡ ಅಧಿಕಾರಿಗಳು ಕೇಳ್ತಿದ್ದರಂತೆ. ಹಾಪರ್ ಸೂತ್ರ ಬರೆಯುತ್ತಿರಲಿಲ್ಲ. ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯ ತುಂಡು ಕೈಗಿಡುತ್ತಿದ್ದರು: ಒಂದು ನ್ಯಾನೋಸೆಕೆಂಡಿನಲ್ಲಿ ಬೆಳಕು ಹೋಗುವ ದೂರ ಇಷ್ಟು. ಮೈಕ್ರೋಸೆಕೆಂಡಿಗೆ ಸುಮಾರು 300 ಮೀಟರಿನ ಸುರುಳಿ. ಇಲ್ಲಿಂದ ಉಪಗ್ರಹದವರೆಗೆ ಇಂಥ ಎಷ್ಟು ತುಂಡು ಬೇಕು ಅಂತ ಅವರೇ ಯೋಚಿಸಿಕೊಳ್ಳಲಿ. ಆಫೀಸಿನಲ್ಲಿ ಹಿಂದಕ್ಕೆ ತಿರುಗುವ ಗಡಿಯಾರ ಇಟ್ಟಿದ್ದರು. ಮೊದಲಿಂದ ಹೀಗೇ ಇದೆ ಅನ್ನುವವರಿಗೆ ಅದು ಉತ್ತರ. ಅದರಲ್ಲೂ ಸಮಯ ಸರಿಯಾಗೇ ಗೊತ್ತಾಗ್ತಿತ್ತು. 1992ರ ಜನವರಿ 1ರಂದು ತೀರಿಕೊಂಡರು.

ನಾವು ಈ ಸಲ ಮನೆಗೆ ಹೋದಾಗ ಏನು ಮಾಡಬಹುದು? ಫೋನ್ ಅಮ್ಮನ ಕೈಯಲ್ಲೇ ಇರಲಿ, ಒತ್ತೋದು ಅವರೇ. ಸ್ಟೋರೇಜ್ ಫುಲ್ ಅಂದರೆ ಅಟ್ಟದ ಲೆಕ್ಕದಲ್ಲಿ ಹೇಳೋಣ: ದಿನಾ ಬರುವ ಗುಡ್ ಮಾರ್ನಿಂಗ್ ಫೋಟೋಗಳು ಅಟ್ಟ ತುಂಬಿವೆ. ಕ್ಯಾಶೆ ಅಳಿಸಿದರೆ ಕಸ ಗುಡಿಸಿದ ಹಾಗೆ. ಡೇಟಾ ಅಳಿಸಿದರೆ ಮನೆ ಸಾಮಾನೇ ಆಚೆ ಹಾಕಿದ ಹಾಗೆ, ಮತ್ತೆ ಲಾಗಿನ್ ಆಗಬೇಕು. ರಿಂಗಿನ ವಾಲ್ಯೂಮ್ ಬೇರೆ, ವಿಡಿಯೋದ್ದು ಬೇರೆ ಅಂತ ಅಪ್ಪನಿಗೆ ಯಾರೂ ಹೇಳಿಯೇ ಇಲ್ಲ. ಓಟಿಪಿ ಬರದಿದ್ದರೆ ಮೊದಲು ಸಿಗ್ನಲ್, ಆಮೇಲೆ ಮೆಸೇಜ್‌ನ ಸ್ಪ್ಯಾಮ್ ಫೋಲ್ಡರ್. ಬಂದ ಮೇಲೆ ಅದನ್ನು ಫೋನಲ್ಲಿ ಯಾರಿಗೂ ಹೇಳಬಾರದು ಅನ್ನೋದೂ ಪಾಠದ ಭಾಗ.

ಅಷ್ಟಾದ ಮೇಲೂ ಅವರು ಅದೇ ಕಡೆ ಎಡವಿದರೆ, ಆ ಬಟನ್ ಎಲ್ಲಿತ್ತು, ಅದರ ಮೇಲೆ ಏನು ಬರೆದಿತ್ತು ಅಂತ ಒಂದು ಸಾಲು ಗುರುತು ಹಾಕ್ಕೊಳ್ಳೋಣ. ನಾಲ್ಕೈದು ವರ್ಷದಲ್ಲಿ ಅಂಥ ಬಟನ್ ಇಡುವ ಕೆಲಸಕ್ಕೆ ನಮ್ಮಲ್ಲೇ ಎಷ್ಟೋ ಜನ ಹೋಗೋರಿದ್ದೀವಿ.