ಬೆಳಗಾವಿಯ ಭಾಷಣ, ತಿಲಕರ ಮೂರನೆಯ ಮೊಕದ್ದಮೆ

ಹಾವೇರಿ: 1916ರ ಜುಲೈ 23ರಂದು ಬಾಲಗಂಗಾಧರ ತಿಲಕರಿಗೆ 60 ವರ್ಷ ತುಂಬಿತು. ಪುಣೆಯಲ್ಲಿ ಅಭಿಮಾನಿಗಳು ಒಂದು ಲಕ್ಷ ರೂಪಾಯಿಗಳ ನಿಧಿ ಅರ್ಪಿಸಿದರು. ಅದನ್ನು ಅವರು ಸಾರ್ವಜನಿಕ ಕಾರ್ಯಕ್ಕೇ ಬಿಟ್ಟುಕೊಟ್ಟರು. ಅದೇ ಸಂಭ್ರಮದ ನಡುವೆ ಮುಂಬಯಿ ಸರ್ಕಾರದ ಪೊಲೀಸ್ ಅಧಿಕಾರಿಯೊಬ್ಬರು ನೋಟಿಸು ಹಿಡಿದು ಬಂದರು. ರಾಜದ್ರೋಹದ ಭಾಷಣ ಮಾಡಿದ್ದಕ್ಕಾಗಿ ಒಂದು ವರ್ಷದ ಸನ್ನಡತೆಗೆ 20,000 ರೂಪಾಯಿಗಳ ಮುಚ್ಚಳಿಕೆಯನ್ನೂ ತಲಾ 10,000 ರೂಪಾಯಿಗಳ ಇಬ್ಬರು ಜಾಮೀನುದಾರರನ್ನೂ ಏಕೆ ಪಡೆಯಬಾರದೆಂದು ಕಾರಣ ತೋರಿಸಬೇಕೆಂಬುದು ಅದರ ಸಾರ.

ಆಕ್ಷೇಪಕ್ಕೆ ಗುರಿಯಾದ ಭಾಷಣಗಳು ಮೂರು. ಎರಡನ್ನು ಮೇ 31 ಮತ್ತು ಜೂನ್ 1ರಂದು ಅಹಮದನಗರದಲ್ಲಿ ಮಾಡಿದ್ದರು. ಮೊದಲನೆಯದು ಮೇ 1ರಂದು ನಮ್ಮ ಬೆಳಗಾವಿಯಲ್ಲಿ ಮಾಡಿದ್ದು. ಅದಕ್ಕೆ ಮೂರು ದಿನ ಮೊದಲು, ಏಪ್ರಿಲ್ 28ರಂದು, ಅದೇ ಊರಿನಲ್ಲಿ ಜೋಸೆಫ್ ಬ್ಯಾಪ್ಟಿಸ್ಟಾ ಅವರ ಅಧ್ಯಕ್ಷತೆಯಲ್ಲಿ ಹೋಂ ರೂಲ್ ಲೀಗ್ ಸ್ಥಾಪನೆಯಾಗಿತ್ತು. ಗಂಗಾಧರರಾವ್ ದೇಶಪಾಂಡೆಯವರಂಥ ಕನ್ನಡ ನಾಡಿನ ಮುಖಂಡರು ತಿಲಕರ ಬೆನ್ನಿಗಿದ್ದರು. ಇಂದಿನ ಹಾವೇರಿ ಜಿಲ್ಲೆಯ ಹೆಚ್ಚಿನ ಊರುಗಳು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನವರಿಗೂ ಪುಣೆಯವರಿಗೂ ಇದ್ದದ್ದು ಒಂದೇ ಸರ್ಕಾರ, ಒಂದೇ ಹೈಕೋರ್ಟು. ಆದುದರಿಂದ ತಿಲಕರ ಮೊಕದ್ದಮೆಯಲ್ಲಿ ನಿರ್ಣಯವಾಗಬೇಕಿದ್ದದ್ದು ಇಲ್ಲಿನ ಸಭೆಗಳಲ್ಲಿ ಎಷ್ಟರಮಟ್ಟಿಗೆ ಬಾಯಿ ಬಿಡಬಹುದು ಎಂಬುದೂ ಹೌದು.

ನ್ಯಾಯಾಲಯ ತಿಲಕರಿಗೆ ಹೊಸದಾಗಿರಲಿಲ್ಲ. 1856ರಲ್ಲಿ ರತ್ನಾಗಿರಿಯಲ್ಲಿ ಜನಿಸಿದ ಅವರು ಕಾನೂನು ಪದವೀಧರರು. ವಕೀಲಿ ಮಾಡದೆ ಶಿಕ್ಷಣ ಹಾಗೂ ಪತ್ರಿಕಾವೃತ್ತಿಯನ್ನು ಆರಿಸಿಕೊಂಡರು. 1881ರಲ್ಲಿ ಗೆಳೆಯರೊಡಗೂಡಿ ಮರಾಠಿಯ ಕೇಸರಿ ಮತ್ತು ಇಂಗ್ಲಿಷಿನ ಮರಾಠಾ ಪತ್ರಿಕೆಗಳನ್ನು ಆರಂಭಿಸಿದರು. ಮರುವರ್ಷವೇ ಕೊಲ್ಲಾಪುರದ ದಿವಾನರ ಮಾನಹಾನಿ ಪ್ರಕರಣದಲ್ಲಿ ಆಗರ್‌ಕರರೊಂದಿಗೆ ಸೆರೆಮನೆ ಕಂಡರು. ಅದು ವ್ಯಕ್ತಿಯೊಬ್ಬರ ಮಾನಹಾನಿಯ ದಾವೆ. ಸರ್ಕಾರದೊಂದಿಗಿನ ನೇರ ಹಣಾಹಣಿ ಶುರುವಾದದ್ದು 1897ರಲ್ಲಿ.

ಆ ವರ್ಷ ಪುಣೆಯಲ್ಲಿ ಪ್ಲೇಗು. ರೋಗನಿಯಂತ್ರಣದ ಹೆಸರಿನಲ್ಲಿ ಸೈನಿಕರು ಮನೆಮನೆಗೆ ನುಗ್ಗಿದ ರೀತಿಯನ್ನು ಕೇಸರಿ ಕಟುವಾಗಿ ಟೀಕಿಸಿತು. ಜೂನ್ 22ರಂದು ಪ್ಲೇಗು ಅಧಿಕಾರಿ ರ‍್ಯಾಂಡ್ ಮೇಲೆ ಗುಂಡಿನ ದಾಳಿ ನಡೆಯಿತು. ಕೊಲೆಗೂ ತಿಲಕರಿಗೂ ನಂಟು ಸಾಬೀತಾಗಲಿಲ್ಲ. ಆದರೆ ಒಂದು ವಾರ ಮೊದಲು ಕೇಸರಿಯಲ್ಲಿ ಅಚ್ಚಾಗಿದ್ದ ಶಿವಾಜಿ ಉತ್ಸವದ ವರದಿ ಹಾಗೂ ಪದ್ಯವೊಂದನ್ನು ಹಿಡಿದು ಭಾರತ ದಂಡ ಸಂಹಿತೆಯ 124ಎ ಕಲಮಿನಡಿ ರಾಜದ್ರೋಹದ ಆರೋಪ ಹೊರಿಸಲಾಯಿತು. ನ್ಯಾಯಮೂರ್ತಿ ಸ್ಟ್ರೇಚಿ ಜ್ಯೂರಿಗೆ ಕಾನೂನು ವಿವರಿಸುತ್ತ, ಸರ್ಕಾರದ ಬಗೆಗೆ ಪ್ರೀತಿಯ ಅಭಾವವೇ ದ್ರೋಹಭಾವವೆಂಬಷ್ಟು ವಿಶಾಲವಾದ ಅರ್ಥ ಕೊಟ್ಟರು. ಜ್ಯೂರಿಯ ಒಂಬತ್ತು ಮಂದಿಯಲ್ಲಿ ಆರು ಯುರೋಪಿಯನ್ನರು ಅಪರಾಧಿ ಎಂದರು, ಮೂವರು ಭಾರತೀಯರು ನಿರಪರಾಧಿ ಎಂದರು. ಶಿಕ್ಷೆ 18 ತಿಂಗಳು. ಲಂಡನ್ನಿನ ಪ್ರಿವಿ ಕೌನ್ಸಿಲಿನಲ್ಲಿ ತಿಲಕರ ಪರವಾಗಿ ವಾದಿಸಿದವರು ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಆಸ್ಕ್ವಿತ್. ಅಲ್ಲಿಯೂ ಮೇಲ್ಮನವಿಗೆ ಅವಕಾಶ ಸಿಗಲಿಲ್ಲ. ಪ್ರೀತಿಸದಿರುವುದೂ ಅಪರಾಧವಾದರೆ ಪತ್ರಿಕೆಯಲ್ಲಿ ಹೊಗಳಿಕೆಯನ್ನುಳಿದು ಬೇರೇನು ಅಚ್ಚು ಮಾಡಲು ಸಾಧ್ಯ?

1908ರ ಕಥೆ ಇನ್ನೂ ಕಠೋರ. ಮುಜಫ್ಫರಪುರದ ಬಾಂಬ್ ಸ್ಫೋಟದ ತರುವಾಯ ಕೇಸರಿಯ ಮೇ 12 ಮತ್ತು ಜೂನ್ 9ರ ಲೇಖನಗಳಿಗಾಗಿ ತಿಲಕರನ್ನು ಬಂಧಿಸಲಾಯಿತು. ಅವರ ಪರವಾಗಿ ಜಾಮೀನು ಕೇಳಿದವರು ಯುವ ಬ್ಯಾರಿಸ್ಟರ್ ಮಹಮ್ಮದ್ ಅಲಿ ಜಿನ್ನಾ. ನಿರಾಕರಿಸಿದವರು ನ್ಯಾಯಮೂರ್ತಿ ದಾವರ್. ವಿಧಿಯ ಆಟ ನೋಡಿ, 1897ರಲ್ಲಿ ವಕೀಲರಾಗಿ ತಿಲಕರಿಗೆ ಜಾಮೀನು ಕೊಡಿಸಿದ್ದವರು ಇದೇ ದಾವರ್! ವಿಚಾರಣೆಯಲ್ಲಿ ತಿಲಕರು ತಮ್ಮ ಪರವಾಗಿ ತಾವೇ ವಾದಿಸಿದರು. ಹಲವು ದಿನ ಹರಡಿದ ಆ ವಾದ 21 ಗಂಟೆಗೂ ಮಿಗಿಲಾಯಿತು.

ವಾದದ ತಿರುಳು ಭಾಷೆಯದೇ ಆಗಿತ್ತು. ಲೇಖನಗಳು ಮರಾಠಿಯಲ್ಲಿದ್ದವು, ತೀರ್ಮಾನಿಸಬೇಕಾದವರು ಓದಿದ್ದು ಸರ್ಕಾರಿ ಅನುವಾದಕರ ಇಂಗ್ಲಿಷನ್ನು. ಹಲವು ಮರಾಠಿ ಪದಗಳಿಗೆ ಅನುವಾದದಲ್ಲಿ ಇಲ್ಲದ ಉಗ್ರತೆ ಬಂದಿದೆ, ಅಲ್ಲೊಂದು ಇಲ್ಲೊಂದು ವಾಕ್ಯ ಕಿತ್ತು ತೋರಿಸಿದರೆ ಲೇಖನದ ಆಶಯ ತಿಳಿಯದು ಎಂದು ಅವರು ಪಟ್ಟುಹಿಡಿದು ತೋರಿಸಿದರು. ಫಲವಾಗಲಿಲ್ಲ. ಏಳು ಮಂದಿ ಯುರೋಪಿಯನ್ನರು ಒಂದು ಕಡೆ, ಇಬ್ಬರು ಭಾರತೀಯರು ಇನ್ನೊಂದು ಕಡೆ. ಜುಲೈ 22ರ ರಾತ್ರಿ ಆರು ವರ್ಷಗಳ ಗಡೀಪಾರು ಹಾಗೂ 1,000 ರೂಪಾಯಿ ದಂಡದ ತೀರ್ಪು ಹೊರಬಿತ್ತು. ಮುಂಬಯಿಯ ಗಿರಣಿ ಕಾರ್ಮಿಕರು ಆರು ದಿನ ಮುಷ್ಕರ ಹೂಡಿದರು. ತಿಲಕರನ್ನು ಬರ್ಮಾದ ಮಂಡಾಲೆಗೆ ಸಾಗಿಸಲಾಯಿತು. ಅಲ್ಲಿ ಅವರು ರಚಿಸಿದ ಗೀತಾರಹಸ್ಯವನ್ನು ಆಲೂರು ವೆಂಕಟರಾಯರು ಕನ್ನಡಿಸಿದ್ದು ನಮ್ಮವರಿಗೆ ತಿಳಿದ ಸಂಗತಿಯೇ.

ಅದೇ 1908ರಲ್ಲಿ ರಾಣೆಬೆನ್ನೂರಿನಿಂದ ತುಂಗಭದ್ರೆಯಾಚೆಗಿನ ಮೈಸೂರು ಸಂಸ್ಥಾನದಲ್ಲಿ ಬೇರೆಯೇ ಬಗೆಯ ಕಾನೂನು ಬಂತು. ದಿವಾನ್ ವಿ.ಪಿ. ಮಾಧವರಾಯರ ಕಾಲದ ವೃತ್ತಪತ್ರಿಕೆಗಳ ಕಾಯಿದೆಯ ಪ್ರಕಾರ ಪತ್ರಿಕೆ ನಡೆಸಲು ಸರ್ಕಾರದ ಅನುಮತಿ ಬೇಕು, ಅನುಮತಿ ಹಿಂಪಡೆಯುವುದೂ ಸರ್ಕಾರದ ಕೈಯಲ್ಲೇ. ತಾತಯ್ಯನೆಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಮುಂಬಯಿ ಪ್ರಾಂತದಲ್ಲಿ ಸೋಲಲಿಕ್ಕಾದರೂ ಒಂದು ಕಟಕಟೆಯಿತ್ತು.

1914ರಲ್ಲಿ ಬಿಡುಗಡೆಯಾಗಿ ಬಂದ ತಿಲಕರು ಸ್ವರಾಜ್ಯದ ಮಾತನ್ನು ಬಿಡಲಿಲ್ಲ, ಹೇಳುವ ಬಗೆಯನ್ನು ಮಾತ್ರ ಹದಗೊಳಿಸಿದರು. 1916ರ ಆ ಭಾಷಣಗಳಲ್ಲಿ ಕಣ್ಣಿಗೆ ಕಾಣದ ಸರ್ಕಾರ, ಕಣ್ಣಿಗೆ ಕಾಣುವ ಸರ್ಕಾರ ಎಂಬ ಭೇದವನ್ನು ವೇದಾಂತದ ಪರಿಭಾಷೆಯಲ್ಲಿ ವಿವರಿಸಿದರು. ತಮ್ಮ ತಕರಾರು ಚಕ್ರವರ್ತಿಯೊಂದಿಗಲ್ಲ, ನಡುವೆ ನಿಂತ ಅಧಿಕಾರಿವರ್ಗದೊಂದಿಗೆ ಎಂದರು. ದೇವರನ್ನು ಬದಲಿಸುವುದು ಬೇಡ, ಪೂಜಾರಿಗಳನ್ನು ಬದಲಿಸಿದರೆ ಸಾಕು ಎಂಬ ಧಾಟಿ ಅದು. ಇದು ಹಿಂಜರಿಕೆಯಲ್ಲ, ಎರಡು ಸೋಲುಗಳಿಂದ ಕಲಿತ ಪಾಠವೆಂದೇ ಈ ವರದಿಗಾರನ ಅಭಿಪ್ರಾಯ.

ಸರ್ಕಾರವೂ ಪಾಠ ಕಲಿತಿತ್ತು. ಈ ಬಾರಿ 124ಎ ಅಡಿ ನೇರ ಮೊಕದ್ದಮೆ ಹೂಡದೆ ದಂಡ ಪ್ರಕ್ರಿಯಾ ಸಂಹಿತೆಯ 108ನೇ ಕಲಮನ್ನು ಬಳಸಿತು. ಅದರಲ್ಲಿ ಜ್ಯೂರಿಯಿಲ್ಲ, ಜೈಲಿಗೆ ಹೋದ ನಾಯಕನೆಂಬ ಸಹಾನುಭೂತಿಗೂ ಆಸ್ಪದವಿಲ್ಲ. ಮುಚ್ಚಳಿಕೆ ಬರೆಸಿಕೊಂಡರಾಯಿತು, ಒಂದು ವರ್ಷ ನಾಲಿಗೆಗೆ ಬೀಗ. ಪುಣೆಯ ಜಿಲ್ಲಾ ಮ್ಯಾಜಿಸ್ಟ್ರೇಟರು ಆಗಸ್ಟ್ 12ರಂದು ಸರ್ಕಾರದ ಬೇಡಿಕೆಯನ್ನೇ ಆದೇಶವನ್ನಾಗಿಸಿದರು. ತಿಲಕರು ಹಣ ಕಟ್ಟಿ ಸುಮ್ಮನಿರದೆ ಮುಂಬಯಿ ಹೈಕೋರ್ಟಿಗೆ ಹೋದರು. ಅಲ್ಲಿ ವಾದಿಸಿದವರು ಮತ್ತೆ ಜಿನ್ನಾ. ಅಧಿಕಾರಿಗಳ ಟೀಕೆ ಸರ್ಕಾರದ್ರೋಹವಲ್ಲ ಎಂಬುದು, ಭಾಷಣವನ್ನು ಇಡಿಯಾಗಿ ನೋಡಬೇಕೆಂಬುದು ಅವರ ನಿಲುವು.

ನವೆಂಬರ್ 9ರಂದು ನ್ಯಾಯಮೂರ್ತಿಗಳಾದ ಬ್ಯಾಚೆಲರ್ ಮತ್ತು ಲಲ್ಲೂಭಾಯಿ ಶಾ ಮ್ಯಾಜಿಸ್ಟ್ರೇಟರ ಆದೇಶವನ್ನು ರದ್ದುಗೊಳಿಸಿದರು. ಸರ್ಕಾರವೆಂದರೆ ಅಧಿಕಾರಿವರ್ಗವಲ್ಲ ಎಂಬ ವಾದವನ್ನು ಬ್ಯಾಚೆಲರ್ ಪೂರ್ತಿಯಾಗಿ ಒಪ್ಪಲಿಲ್ಲ. ಸರ್ಕಾರ ಕೆಲಸ ಮಾಡುವುದು ಮನುಷ್ಯರ ಮೂಲಕವೇ ಅಲ್ಲವೇ ಎಂಬುದು ಅವರ ನೋಟ. ಆದರೆ ಭಾಷಣಗಳನ್ನು ಮೊದಲಿನಿಂದ ಕೊನೆಯವರೆಗೆ ಶಾಂತವಾಗಿ ಓದಿ, ಭಾಷಣಕಾರನ ರಾಜಕೀಯ ಉದ್ದೇಶವನ್ನು ನೆನಪಿನಲ್ಲಿಟ್ಟು ಅರ್ಥೈಸಬೇಕೆಂದರು. ಹಾಗೆ ಓದಿದಾಗ ಅವು ರಾಜದ್ರೋಹವಾಗಲಿಲ್ಲ. ಎಂಟು ವರ್ಷದ ಹಿಂದೆ ತಿಲಕರು ಕಟಕಟೆಯಲ್ಲಿ ನಿಂತು ಬೇಡಿದ್ದು ಇದನ್ನೇ.

ಗೆಲುವಿನ ಮಿತಿಯನ್ನೂ ಹೇಳಬೇಕು. 124ಎ ಹಾಗೆಯೇ ಉಳಿಯಿತು. ಅದೇ ವರ್ಷ ಮದ್ರಾಸಿನಲ್ಲಿ ಆನಿ ಬೆಸೆಂಟರ ನ್ಯೂ ಇಂಡಿಯಾ ಪತ್ರಿಕೆ ಕಟ್ಟಿದ್ದ 2,000 ರೂಪಾಯಿ ಠೇವಣಿಯನ್ನು 1910ರ ಪತ್ರಿಕಾ ಕಾಯಿದೆಯಡಿ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. ಅವರಿಗೆ ಅಲ್ಲಿನ ಹೈಕೋರ್ಟಿನಲ್ಲಿ ಪರಿಹಾರ ಸಿಗಲಿಲ್ಲ. ನ್ಯಾಯಾಲಯದಲ್ಲಿ ಸೋತ ಸರ್ಕಾರ ತಿಲಕರ ವಿಷಯದಲ್ಲಿ ಆಡಳಿತದ ಆದೇಶಗಳಿಗೆ ಮೊರೆಹೋಯಿತು. 1917ರಲ್ಲಿ ದೆಹಲಿ ಮತ್ತು ಪಂಜಾಬಿಗೆ ಅವರ ಪ್ರವೇಶ ನಿಷೇಧಿಸಿತು. 1918ರಲ್ಲಿ ಅನುಮತಿಯಿಲ್ಲದೆ ಭಾಷಣ ಮಾಡಕೂಡದೆಂದಿತು. ಇವುಗಳ ವಿರುದ್ಧ ವಾದಿಸಲು ಜಿನ್ನಾರಿಗೆ ಕಟಕಟೆಯೇ ಇರಲಿಲ್ಲ. ಪತ್ರಕರ್ತ ವ್ಯಾಲೆಂಟೈನ್ ಚಿರೋಲ್ ವಿರುದ್ಧ ಲಂಡನ್ನಿನಲ್ಲಿ ಹೂಡಿದ ಮಾನಹಾನಿ ದಾವೆಯಲ್ಲಿ 1919ರಲ್ಲಿ ತಿಲಕರು ಸೋತರು. 1920ರ ಆಗಸ್ಟ್ 1ರಂದು ಮುಂಬಯಿಯಲ್ಲಿ ನಿಧನರಾದರು.

1922ರಲ್ಲಿ ಅದೇ 124ಎ ಅಡಿ ಗಾಂಧೀಜಿ ಅಹಮದಾಬಾದಿನ ನ್ಯಾಯಾಲಯದಲ್ಲಿ ನಿಂತಾಗ ವಾದಿಸಲಿಲ್ಲ, ಆರೋಪ ಒಪ್ಪಿಕೊಂಡರು. ನ್ಯಾಯಾಧೀಶ ಬ್ರೂಮ್‌ಫೀಲ್ಡ್ ತಿಲಕರ ಪ್ರಕರಣವನ್ನು ನೆನೆದು ಅಷ್ಟೇ, ಅಂದರೆ ಆರು ವರ್ಷಗಳ ಶಿಕ್ಷೆ ವಿಧಿಸಿದರು. ಸ್ವಾತಂತ್ರ್ಯಾನಂತರ, 1956ರಲ್ಲಿ, ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ತಿಲಕರಿಗೆ ಶಿಕ್ಷೆಯಾದ ಕೋಣೆಯ ಹೊರಗೆ ಅವರ ಮಾತುಗಳ ಫಲಕವನ್ನು ಅನಾವರಣ ಮಾಡಿದರು. ಕಲಮು ಮಾತ್ರ ಸಂಹಿತೆಯಲ್ಲೇ ಉಳಿದಿತ್ತು. 1962ರಲ್ಲಿ ಕೇದಾರನಾಥ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದು, ಹಿಂಸೆ ಅಥವಾ ಅವ್ಯವಸ್ಥೆಗೆ ಪ್ರಚೋದಿಸುವ ಮಾತಿಗಷ್ಟೇ ಸೀಮಿತಗೊಳಿಸಿತು. 2022ರ ಮೇ 11ರಂದು ಅದರ ಬಳಕೆಗೆ ತಡೆ ನೀಡಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ರಾಜದ್ರೋಹವೆಂಬ ಪದವಿಲ್ಲ. ದೇಶದ ಸಾರ್ವಭೌಮತ್ವ, ಏಕತೆ, ಅಖಂಡತೆಗೆ ಅಪಾಯ ತರುವ ಕೃತ್ಯಗಳ ಕುರಿತ 152ನೇ ಕಲಮು ಇದೆ. ಮಾತು, ಬರಹಗಳು ಅದರ ವ್ಯಾಪ್ತಿಯಲ್ಲೂ ಬರುತ್ತವೆ.