ಫಾನೂಸ್ ಹಿಡಿದು ಲೆಕ್ಕ ಬರೆದವರು: ಫ್ಲಾರೆನ್ಸ್ ನೈಟಿಂಗೇಲ್

ನಮ್ಮ ಆಪಾ ಈ ವರ್ಷ ಪಿಯುಸಿ ವಿಜ್ಞಾನದಲ್ಲಿ ಪಾಸಾದಳು. ಬಿ.ಎಸ್ಸಿ. ನರ್ಸಿಂಗ್ ಸೇರುತ್ತೇನೆ ಎಂದು ಅವಳು ಹೇಳಿದ ರಾತ್ರಿ ನಮ್ಮ ಮನೆಯಲ್ಲಿ ಊಟ ಅರ್ಧಕ್ಕೇ ನಿಂತಿತು. ರಾತ್ರಿ ಪಾಳಿ ಮಾಡುವ ಹುಡುಗಿಗೆ ಗಂಡು ಯಾರು ಕೊಡುತ್ತಾರೆ ಎಂಬುದು ನಾನಿಯ ಚಿಂತೆ. ಅಬ್ಬಾ ಬೇರೆಯೇ ಪ್ರಶ್ನೆ ಕೇಳಿದರು. ನರ್ಸ್ ಆಗಿ ಸೇರಿದವಳು ಕೊನೆಯವರೆಗೂ ನರ್ಸ್ ಆಗಿಯೇ ಇರುತ್ತಾಳಲ್ಲ, ಆ ಕೆಲಸದಲ್ಲಿ ಮೇಲೆ ಹತ್ತಲು ಮೆಟ್ಟಿಲು ಎಲ್ಲಿದೆ ಎಂದರು. ಆಪಾ ಉತ್ತರ ಹೇಳಲಿಲ್ಲ. ನನಗೂ ಗೊತ್ತಿರಲಿಲ್ಲ.

ಮರುದಿನ ಕಾಲೇಜಿನ ಗ್ರಂಥಾಲಯದಲ್ಲಿ ಹುಡುಕಿ ಫ್ಲಾರೆನ್ಸ್ ನೈಟಿಂಗೇಲ್ ಅವರ ಬಗ್ಗೆ ಓದಲು ಕುಳಿತೆ. ಚಿಕ್ಕ ತರಗತಿಯಲ್ಲಿ ದೀಪ ಹಿಡಿದ ಮಹಿಳೆ ಎಂದು ಅವರ ಪಾಠ ಓದಿದ್ದೆ. ಅಷ್ಟು ಬಿಟ್ಟರೆ ಅವರ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಓದಿ ಮುಗಿಸಿದಾಗ ಅಬ್ಬಾ ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತ್ತು. ಅದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಫ್ಲಾರೆನ್ಸ್ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಇಂಗ್ಲೆಂಡಿನ ಶ್ರೀಮಂತರಾದ ತಂದೆ ತಾಯಿ ಆಗ ಪ್ರವಾಸದಲ್ಲಿದ್ದರು. ಹುಟ್ಟಿದ ಊರಿನ ಹೆಸರನ್ನೇ ಮಗಳಿಗೆ ಇಟ್ಟರು. ತಂದೆ ವಿಲಿಯಂ ನೈಟಿಂಗೇಲ್ ಇಬ್ಬರು ಹೆಣ್ಣುಮಕ್ಕಳಿಗೂ ಮನೆಯಲ್ಲೇ ಗ್ರೀಕ್, ಲ್ಯಾಟಿನ್, ಇತಿಹಾಸ ಕಲಿಸಿದರು. ಫ್ಲಾರೆನ್ಸ್‌ಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಗಣಿತ. ಹದಿನಾರನೇ ವಯಸ್ಸಿನಲ್ಲಿ ದೇವರು ತನ್ನನ್ನು ಸೇವೆಗೆ ಕರೆಯುತ್ತಿದ್ದಾನೆ ಎಂದು ಅವರಿಗೆ ಅನಿಸಿತು. ಯಾವ ಸೇವೆ ಎಂದು ತಿಳಿಯಲು ಇನ್ನೂ ಕೆಲವು ವರ್ಷ ಹಿಡಿಯಿತು.

1845ರಲ್ಲಿ, ಇಪ್ಪತ್ತೈದನೇ ವಯಸ್ಸಿನಲ್ಲಿ, ಆಸ್ಪತ್ರೆಯೊಂದಕ್ಕೆ ಹೋಗಿ ನರ್ಸಿಂಗ್ ಕಲಿಯುತ್ತೇನೆ ಎಂದು ಮನೆಯಲ್ಲಿ ಕೇಳಿದರು. ತಾಯಿ, ಅಕ್ಕ ಇಬ್ಬರೂ ಹೌಹಾರಿದರು. ಆ ಕಾಲದ ಇಂಗ್ಲೆಂಡಿನಲ್ಲಿ ಆಸ್ಪತ್ರೆಯ ನರ್ಸ್ ಎಂದರೆ ಬೇರೆ ಕೆಲಸ ಸಿಗದ ಬಡ ಹೆಂಗಸು. ತರಬೇತಿ ಇಲ್ಲ, ಸರಿಯಾದ ಸಂಬಳ ಇಲ್ಲ, ಗೌರವವೂ ಇಲ್ಲ. ನರ್ಸುಗಳು ಕುಡಿಯುತ್ತಾರೆ ಎಂಬ ಕೆಟ್ಟ ಹೆಸರು ಬೇರೆ. ಒಳ್ಳೆಯ ಮನೆತನದ ಹುಡುಗಿ ಅಲ್ಲಿಗೆ ಹೋಗುವುದೇ? ಈ ಪುಟ ಓದುವಾಗ ನನಗೆ ನಾನಿಯ ಮುಖವೇ ನೆನಪಾಯಿತು.

ಫ್ಲಾರೆನ್ಸ್ ಮನೆ ಬಿಟ್ಟು ಓಡಿಹೋಗಲಿಲ್ಲ, ಆಸೆಯನ್ನೂ ಬಿಡಲಿಲ್ಲ. ಮನೆಯವರು ಏಳುವ ಮೊದಲೇ ಎದ್ದು ಆಸ್ಪತ್ರೆಗಳ ವರದಿ, ಆರೋಗ್ಯ ಇಲಾಖೆಯ ಅಂಕಿ ಅಂಶ ಓದಿ ಟಿಪ್ಪಣಿ ಮಾಡಿಕೊಂಡರು. ಪ್ರವಾಸ ಹೋದ ಊರುಗಳಲ್ಲಿ ಆಸ್ಪತ್ರೆ ನೋಡಿ ಬಂದರು. ಒಳ್ಳೆಯ ಕಡೆಯಿಂದ ಬಂದ ಮದುವೆಯ ಸಂಬಂಧವನ್ನೂ ಬೇಡ ಎಂದರು. ಹೀಗೆ ಆರು ವರ್ಷ ಕಳೆದ ಮೇಲೆ, 1851ರಲ್ಲಿ, ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿ ಪಾದ್ರಿಯೊಬ್ಬರು ನಡೆಸುತ್ತಿದ್ದ ಸಂಸ್ಥೆಯಲ್ಲಿ ಸುಮಾರು ಮೂರು ತಿಂಗಳು ಕಲಿಯಲು ಅವಕಾಶ ಸಿಕ್ಕಿತು. ಅವರಿಗೆ ಸಿಕ್ಕ ಮುಖ್ಯ ತರಬೇತಿ ಅಷ್ಟೇ.

1853ರಲ್ಲಿ ಲಂಡನ್ನಿನ ಹಾರ್ಲಿ ಸ್ಟ್ರೀಟ್‌ನಲ್ಲಿ ಮಹಿಳೆಯರ ಚಿಕ್ಕ ಆಸ್ಪತ್ರೆಯೊಂದಕ್ಕೆ ಸೂಪರಿಂಟೆಂಡೆಂಟ್ ಆದರು. ಸಂಬಳ ಇರಲಿಲ್ಲ. ಅಷ್ಟು ಹೊತ್ತಿಗೆ ಮನಸ್ಸು ಕರಗಿದ್ದ ತಂದೆ ವರ್ಷಕ್ಕೆ 500 ಪೌಂಡ್ ಕೊಡಲು ಒಪ್ಪಿದರು. ಅಲ್ಲಿ ಅವರು ರೋಗಿಗಳನ್ನು ನೋಡಿಕೊಂಡಷ್ಟೇ ಶ್ರದ್ಧೆಯಿಂದ ಅಡುಗೆಮನೆ, ಉಗ್ರಾಣ, ಲೆಕ್ಕದ ಪುಸ್ತಕ ಎಲ್ಲವನ್ನೂ ಸರಿಪಡಿಸಿದರು.

ಅದೇ ವರ್ಷ ಕ್ರಿಮಿಯಾ ಯುದ್ಧ ಶುರುವಾಯಿತು. ತುರ್ಕಿಯ ಉಸ್ಮಾನಿಯಾ ಸಾಮ್ರಾಜ್ಯದ ಜೊತೆ ಬ್ರಿಟನ್ ಮತ್ತು ಫ್ರಾನ್ಸ್ ಸೇರಿ ರಷ್ಯಾದ ವಿರುದ್ಧ ಹೋರಾಡಿದವು. ಗಾಯಗೊಂಡ ಬ್ರಿಟಿಷ್ ಸೈನಿಕರನ್ನು ಹಡಗಿನಲ್ಲಿ ಇಸ್ತಾಂಬುಲ್‌ನ ಎದುರು ದಡದ ಸ್ಕುಟಾರಿಗೆ ತರುತ್ತಿದ್ದರು. ಇಂದಿನ ಉಸ್ಕುದಾರ್ ಅದೇ. ತುರ್ಕರು ಬಿಟ್ಟುಕೊಟ್ಟ ದೊಡ್ಡ ಸೈನಿಕ ಬ್ಯಾರಕ್ ಅಲ್ಲಿ ಆಸ್ಪತ್ರೆಯಾಗಿತ್ತು. ಅಲ್ಲಿ ಬ್ಯಾಂಡೇಜ್ ಬಟ್ಟೆಗೂ ಗತಿಯಿಲ್ಲ ಎಂಬ ಸುದ್ದಿ ಟೈಮ್ಸ್ ಪತ್ರಿಕೆಯಲ್ಲಿ ಬಂದಾಗ ಇಂಗ್ಲೆಂಡಿನ ಜನ ಸಿಟ್ಟಾದರು. ಮಂತ್ರಿ ಸಿಡ್ನಿ ಹರ್ಬರ್ಟ್ ಅವರು ಪರಿಚಯವಿದ್ದ ಫ್ಲಾರೆನ್ಸ್‌ಗೆ ಪತ್ರ ಬರೆದರು. 1854ರ ಅಕ್ಟೋಬರ್ 21ರಂದು 38 ಮಹಿಳೆಯರ ಜೊತೆ ಹೊರಟ ಅವರು ನವೆಂಬರ್ 4ರಂದು ಅಲ್ಲಿಗೆ ತಲುಪಿದರು. ಆ 38ರಲ್ಲಿ 14 ಮಂದಿ ಆಸ್ಪತ್ರೆಯ ನರ್ಸುಗಳು, ಉಳಿದವರು ಧಾರ್ಮಿಕ ಸಂಸ್ಥೆಗಳವರು.

ಸೈನ್ಯದ ವೈದ್ಯರಿಗೆ ಇವರು ಬಂದದ್ದು ಇಷ್ಟವಾಗಲಿಲ್ಲ. ವಾರ್ಡಿಗೆ ಬಿಟ್ಟುಕೊಳ್ಳಲಿಲ್ಲ. ಫ್ಲಾರೆನ್ಸ್ ಜಗಳ ಆಡಲಿಲ್ಲ. ವೈದ್ಯರೇ ಕರೆಯುವವರೆಗೆ ತಮ್ಮವರನ್ನು ಬಟ್ಟೆ ಹೊಲಿಯುವ, ಬ್ಯಾಂಡೇಜ್ ಸಿದ್ಧಮಾಡುವ ಕೆಲಸಕ್ಕೆ ಕೂರಿಸಿದರು. ಕೆಲವೇ ದಿನಗಳಲ್ಲಿ ಇಂಕರ್‌ಮನ್ ಕಾಳಗದ ಗಾಯಾಳುಗಳು ರಾಶಿರಾಶಿಯಾಗಿ ಬಂದರು. ಆಗ ವೈದ್ಯರೇ ಕರೆದರು.

ಅಲ್ಲಿ ಹಾಸಿಗೆಗಳ ಸಾಲು ಸುಮಾರು ನಾಲ್ಕು ಮೈಲಿ ಉದ್ದ. ಉಗ್ರಾಣದಲ್ಲಿ ಅಂಗಿ ಇದ್ದರೂ ಸಹಿ ಆಗದೆ ಒಂದೂ ಹೊರಗೆ ಬರುತ್ತಿರಲಿಲ್ಲ. ಫ್ಲಾರೆನ್ಸ್ ಟೈಮ್ಸ್ ಪತ್ರಿಕೆಯ ನಿಧಿಯಿಂದಲೂ ಸ್ವಂತ ಹಣದಿಂದಲೂ ಸಾಮಾನು ಕೊಂಡರು. ಒಂದು ಮನೆ ಬಾಡಿಗೆಗೆ ಹಿಡಿದು, ಸೈನಿಕರ ಹೆಂಡತಿಯರಿಗೆ ಕೂಲಿ ಕೊಟ್ಟು ರೋಗಿಗಳ ಬಟ್ಟೆ ಒಗೆಸಿದರು. ಹಾಳುಬಿದ್ದ ವಾರ್ಡುಗಳನ್ನು ರಿಪೇರಿ ಮಾಡಲು ಸುಮಾರು 200 ಕೆಲಸಗಾರರನ್ನು ತಾವೇ ನೇಮಿಸಿದರು. ಸರ್ಕಾರ ಆಮೇಲೆ ಆ ಹಣ ಕೊಟ್ಟಿತು. ಕೊಂಡದ್ದು, ಕೊಟ್ಟದ್ದು ಎಲ್ಲಕ್ಕೂ ಲೆಕ್ಕ ಇತ್ತು.

ವಾಣಿಜ್ಯ ವಿದ್ಯಾರ್ಥಿಗಳಾದ ನಮಗೆ ಇಷ್ಟವಾಗುವ ಇನ್ನೊಂದು ಸಂಗತಿ ಇದೆ. ಸೈನಿಕರು ಸಂಬಳವೆಲ್ಲ ಕುಡಿದು ಕಳೆಯುವವರು ಎಂದು ಅಧಿಕಾರಿಗಳು ನಂಬಿದ್ದರು. ಫ್ಲಾರೆನ್ಸ್ ಸೈನಿಕರಿಂದ ಹಣ ಪಡೆದು ಅವರ ಮನೆಗೆ ಕಳುಹಿಸುವ ಏರ್ಪಾಡು ಮಾಡಿದರು. ಅದನ್ನು ನೋಡಿ ಸರ್ಕಾರವೇ ಮನಿಯಾರ್ಡರ್ ಕಚೇರಿ ತೆರೆಯಿತು. ಆರು ತಿಂಗಳೊಳಗೆ ಸೈನಿಕರು ಮನೆಗೆ ಕಳುಹಿಸಿದ ಹಣ 71,000 ಪೌಂಡ್! ಉಳಿಸಲು ದಾರಿ ತೋರಿಸಿದರೆ ಬಡವನೂ ಉಳಿಸುತ್ತಾನೆ ಎಂದು ಈ ಲೆಕ್ಕ ತೋರಿಸಿತು.

ರಾತ್ರಿ ಹೊತ್ತು ಅವರು ದೀಪ ಹಿಡಿದು ವಾರ್ಡ್ ಸುತ್ತುತ್ತಿದ್ದದ್ದು ನಿಜ. ಚಿತ್ರಗಳಲ್ಲಿ ಅವರ ಕೈಯಲ್ಲಿ ಅಲ್ಲಾವುದ್ದೀನನ ಚಿರಾಗಿನಂಥ ದೀಪ ಇರುತ್ತದೆ. ಅದು ಕಲಾವಿದರ ಕಲ್ಪನೆ. ಅವರು ಬಳಸಿದ್ದು ತುರ್ಕಿಯ ಮಡಿಸುವ ಲಾಟೀನು. ತುರ್ಕಿಯಲ್ಲಿ ಅದಕ್ಕೆ ಫಾನೂಸ್ ಎನ್ನುತ್ತಾರೆ. ಉರ್ದುವಿನಲ್ಲೂ ಅದೇ ಹೆಸರು. ಇದನ್ನು ಮನೆಯಲ್ಲಿ ಹೇಳಿದಾಗ ನಾನಿ ಮೊದಲ ಸಲ ಕಿವಿಗೊಟ್ಟು ಕೇಳಿದರು.

ಆದರೆ ದೀಪದ ಕಥೆಯ ಹಿಂದೆ ಒಂದು ನೋವಿನ ಕಥೆ ಇದೆ. ಅವರು ಇಷ್ಟೆಲ್ಲ ಮಾಡಿದರೂ ಆ ಚಳಿಗಾಲದಲ್ಲಿ ಸಾವು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. 1855ರ ಫೆಬ್ರವರಿಯಲ್ಲಿ ಚಿಕಿತ್ಸೆಗೆ ಬಂದ ನೂರರಲ್ಲಿ ಸುಮಾರು 42 ಮಂದಿ ಸತ್ತರು. ಬ್ಯಾರಕ್ಕಿನ ಅಡಿಯಲ್ಲೇ ಕಟ್ಟಿಕೊಂಡ ಒಳಚರಂಡಿ ಇತ್ತು. ಮಾರ್ಚ್‌ನಲ್ಲಿ ಇಂಗ್ಲೆಂಡಿನಿಂದ ಬಂದ ನೈರ್ಮಲ್ಯ ಆಯೋಗ ಚರಂಡಿ ತೊಳೆಸಿ, ಗಾಳಿ ಆಡುವಂತೆ ಮಾಡಿತು. ಜೂನ್ ಹೊತ್ತಿಗೆ ನೂರಕ್ಕೆ ಸುಮಾರು ಎರಡಕ್ಕೆ ಸಾವು ಇಳಿಯಿತು.

1856ರ ಆಗಸ್ಟ್‌ನಲ್ಲಿ ಅವರು ಊರಿಗೆ ಮರಳಿದಾಗ ಇಡೀ ದೇಶ ಮೆರವಣಿಗೆ ಮಾಡಲು ಕಾದಿತ್ತು. ಅವರು ಮಿಸ್ ಸ್ಮಿತ್ ಎಂಬ ಹೆಸರಿನಲ್ಲಿ ಪ್ರಯಾಣ ಮಾಡಿ ಸದ್ದಿಲ್ಲದೆ ಮನೆ ಸೇರಿದರು. ಆಮೇಲೆ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಅವರ ಜೊತೆ ಕುಳಿತು ಸತ್ತವರ ಲೆಕ್ಕ ತೆಗೆದರು. ಗಾಯದಿಂದ ಸತ್ತವರಿಗಿಂತ ತಡೆಯಬಹುದಾಗಿದ್ದ ರೋಗದಿಂದ ಸತ್ತವರೇ ಹಲವು ಪಟ್ಟು ಹೆಚ್ಚು ಎಂದು ಕಂಡುಬಂತು. ತಾವು ಕೆಲಸ ಮಾಡಿದ ಸ್ಕುಟಾರಿಯ ಅಂಕಿಗಳೇ ಅತ್ಯಂತ ಕೆಟ್ಟವುಗಳಲ್ಲಿ ಸೇರಿದ್ದವು. ದೇಶವೇ ಹೊಗಳುತ್ತಿದ್ದಾಗ ಸುಮ್ಮನಿದ್ದುಬಿಡಬಹುದಿತ್ತು. ಅವರು ಆ ಅಂಕಿಗಳನ್ನು ವರದಿಯಲ್ಲಿ ಬರೆದರು.

ಓದುವವರಿಗೆ ಅರ್ಥವಾಗಲಿ ಎಂದು ಒಂದು ಹೊಸ ಬಗೆಯ ನಕ್ಷೆಯನ್ನೂ ಮಾಡಿದರು. ನಾವು ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಬಿಡಿಸುವ ಪೈ ನಕ್ಷೆಯಂತೆ ಅದೂ ದುಂಡಗೆ ಇದೆ. ಆದರೆ ಹನ್ನೆರಡು ತಿಂಗಳಿಗೆ ಹನ್ನೆರಡು ಸಮ ಕೋನಗಳು. ಸಾವು ಹೆಚ್ಚಾದ ತಿಂಗಳ ಭಾಗ ಹೊರಗೆ ಚಾಚಿಕೊಳ್ಳುತ್ತದೆ. ನೀಲಿ ಬಣ್ಣ ತಡೆಯಬಹುದಾದ ರೋಗ, ಕೆಂಪು ಗಾಯ, ಕಪ್ಪು ಉಳಿದ ಕಾರಣ. ನೋಡಿದ ತಕ್ಷಣ ನೀಲಿಯೇ ಕಣ್ಣಿಗೆ ಹೊಡೆಯುತ್ತದೆ. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಅವರನ್ನು ಸದಸ್ಯೆಯಾಗಿ ಆರಿಸಿತು. ಆ ಗೌರವ ಪಡೆದ ಮೊದಲ ಮಹಿಳೆ ಅವರೇ.

ಇನ್ನು ಮೆಟ್ಟಿಲಿನ ವಿಷಯ. ಜನ ಕೃತಜ್ಞತೆಯಿಂದ ಕೂಡಿಸಿದ್ದ ನೈಟಿಂಗೇಲ್ ನಿಧಿಯಲ್ಲಿ ಸುಮಾರು 44,000 ಪೌಂಡ್ ಸೇರಿತ್ತು. ಆ ಹಣದಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ಶುರುವಾಯಿತು. ಒಂದು ವರ್ಷದ ತರಬೇತಿ. ಊಟ, ವಸತಿ, ಸಮವಸ್ತ್ರದ ಜೊತೆ ಕೈಖರ್ಚಿಗೆ ಸ್ವಲ್ಪ ಹಣ. ಪ್ರತಿ ವಿದ್ಯಾರ್ಥಿನಿಯ ಕೆಲಸ ಮತ್ತು ನಡತೆಗೆ ಬರಹದ ದಾಖಲೆ. ಹಾಸ್ಟೆಲ್ ಇದ್ದುದರಿಂದ ಹೆಣ್ಣುಮಕ್ಕಳನ್ನು ಕಳುಹಿಸಲು ಮನೆಯವರಿಗೂ ಧೈರ್ಯ ಬಂತು. ಇಲ್ಲಿ ಕಲಿತವರು ಬೇರೆ ಆಸ್ಪತ್ರೆಗಳಿಗೆ ಹೋಗಿ ಮೇಲ್ವಿಚಾರಕಿಯರಾದರು, ಅಲ್ಲಿ ಇನ್ನೊಬ್ಬರಿಗೆ ಕಲಿಸಿದರು. ಆಗ್ನೆಸ್ ಜೋನ್ಸ್ ಲಿವರ್‌ಪೂಲ್‌ನ ಬಡವರ ಆಸ್ಪತ್ರೆಗೆ ಹೋದರು. ಲೂಸಿ ಆಸ್ಬರ್ನ್ ಐವರು ನರ್ಸುಗಳ ಜೊತೆ 1868ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಗೆ ಹೋದರು. ಕಲಿತವರು ಕಲಿಸುವವರಾದರು, ಕಲಿಸುವವರು ನಡೆಸುವವರಾದರು. ಇಲ್ಲದ ಮೆಟ್ಟಿಲನ್ನು ಅವರು ಹೀಗೆ ಕಟ್ಟಿದರು.

ನಮ್ಮ ದೇಶಕ್ಕೂ ಅವರ ನಂಟಿದೆ. ಅವರು ಭಾರತಕ್ಕೆ ಬರಲೇ ಇಲ್ಲ. ಆದರೆ ಇಲ್ಲಿನ ಸೈನಿಕ ಠಾಣೆಗಳಿಗೆ ಪ್ರಶ್ನಾವಳಿ ಕಳುಹಿಸಿ, ನೀರು, ಚರಂಡಿ, ಸಾವಿನ ಲೆಕ್ಕ ತರಿಸಿ ಓದಿದರು. ಹತ್ತು ವರ್ಷದ ಸುಧಾರಣೆಯ ನಂತರ ಇಲ್ಲಿನ ಬ್ರಿಟಿಷ್ ಸೈನಿಕರ ಸಾವು ಸಾವಿರಕ್ಕೆ 69ರಿಂದ 18ಕ್ಕೆ ಇಳಿದಿದೆ ಎಂದು 1873ರಲ್ಲಿ ಲೆಕ್ಕ ಕೊಟ್ಟರು. ಹಳ್ಳಿಗಳ ನೈರ್ಮಲ್ಯ, ಬರಗಾಲ, ನೀರಾವರಿ ಬಗ್ಗೆಯೂ ಬರೆದರು. 1888ರಲ್ಲಿ ತರಬೇತಿ ಪಡೆದ ನರ್ಸುಗಳ ಮೊದಲ ತಂಡ ಸೈನಿಕ ಆಸ್ಪತ್ರೆಗಳಿಗಾಗಿ ಭಾರತಕ್ಕೆ ಬಂದಾಗ, ಅವರಲ್ಲಿ ಕೆಲವರು ಕೆಲಸ ಮಾಡಿದ್ದು ನಮ್ಮ ಬೆಂಗಳೂರಿನಲ್ಲಿ.

ಅವರು ಮಾಡಿದ್ದೆಲ್ಲ ಸರಿ ಎಂದು ನಾನು ಹೇಳುವುದಿಲ್ಲ. ನರ್ಸುಗಳಿಗೆ ಪರೀಕ್ಷೆ ಇಟ್ಟು ಸರ್ಕಾರಿ ನೋಂದಣಿ ಮಾಡಬೇಕೆಂದು ಬೇರೆಯವರು ಕೇಳಿದಾಗ ಅವರು ವಿರೋಧಿಸಿದರು. ಒಳ್ಳೆಯ ಗುಣವನ್ನು ಪರೀಕ್ಷೆಯಿಂದ ಅಳೆಯಲಾಗದು ಎಂಬುದು ಅವರ ವಾದ. ಆದರೆ ಆ ನೋಂದಣಿಯೇ ಮುಂದೆ ನರ್ಸುಗಳಿಗೆ ಬಲ ಕೊಟ್ಟಿತು. ಇಂಗ್ಲೆಂಡಿನಲ್ಲಿ ಆ ಕಾನೂನು ಬಂದದ್ದು 1919ರಲ್ಲಿ, ಅವರು ತೀರಿಕೊಂಡ ಮೇಲೆ.

ಯುದ್ಧಭೂಮಿಯಲ್ಲಿ ಹಿಡಿದ ಜ್ವರದಿಂದ ಅವರ ಆರೋಗ್ಯ ಕೆಟ್ಟಿತ್ತು. ಮುಂದಿನ ಎಷ್ಟೋ ವರ್ಷ ಹಾಸಿಗೆಯಲ್ಲೇ ಕುಳಿತು ವರದಿ, ಪತ್ರ ಬರೆದರು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವ ಪಡೆದ ಮೊದಲ ಮಹಿಳೆಯಾದರು. 1910ರ ಆಗಸ್ಟ್ 13ರಂದು 90ನೇ ವಯಸ್ಸಿನಲ್ಲಿ ತೀರಿಕೊಂಡರು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡುವ ಅವಕಾಶವಿದ್ದರೂ ಮನೆಯವರು ಬೇಡ ಎಂದರು. ತಮ್ಮ ಊರಿನ ಹತ್ತಿರದ ಚಿಕ್ಕ ಚರ್ಚಿನ ಆವರಣದಲ್ಲಿ ಅವರ ಸಮಾಧಿ ಇದೆ. ಅವರ ಹುಟ್ಟುಹಬ್ಬವಾದ ಮೇ 12 ಇಂದು ಅಂತರರಾಷ್ಟ್ರೀಯ ದಾದಿಯರ ದಿನ.

ಇಷ್ಟನ್ನೂ ಅಬ್ಬಾಗೆ ಹೇಳಿದೆ. ಉಳಿದ ಅರ್ಧ ಉತ್ತರವನ್ನು ಆಪಾ ಹುಡುಕಿ ತಂದಳು. 1947ರ ಕಾನೂನಿನಿಂದ ಬಂದ ಭಾರತೀಯ ನರ್ಸಿಂಗ್ ಪರಿಷತ್ತು ಇದೆ. ನಾಲ್ಕು ವರ್ಷದ ಬಿ.ಎಸ್ಸಿ. ಮುಗಿಸಿದವರು ಎರಡು ವರ್ಷದ ಎಂ.ಎಸ್ಸಿ. ಮಾಡಿ ಪಾಠ ಹೇಳಬಹುದು, ಪಿಎಚ್.ಡಿ.ಯನ್ನೂ ಮಾಡಬಹುದು. ಜಿ.ಎನ್.ಎಂ. ಓದಿದವರಿಗೂ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಇದೆ. ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್, ವಾರ್ಡ್ ಇನ್‌ಚಾರ್ಜ್, ನರ್ಸಿಂಗ್ ಸೂಪರಿಂಟೆಂಡೆಂಟ್ ಎಂದು ಸಾಲಾಗಿ ಮೆಟ್ಟಿಲುಗಳಿವೆ.

ನಾನಿ ಇನ್ನೂ ಒಪ್ಪಿಲ್ಲ. ಆ ಮೇಡಂ ಕೊನೆಗೂ ಮದುವೆ ಆಗಲಿಲ್ಲವಲ್ಲ ಎಂದು ಅದೊಂದನ್ನೇ ಹಿಡಿದುಕೊಂಡಿದ್ದಾರೆ. ಅಬ್ಬಾ ಅರ್ಜಿಗೆ ಸಹಿ ಹಾಕಿಲ್ಲ. ಆದರೆ ನಿನ್ನೆ ಅಂಗಡಿಯಿಂದ ಬಂದವರು, ಹೆಣ್ಣುಮಕ್ಕಳಿಗೆ ಒಳ್ಳೆಯ ಹಾಸ್ಟೆಲ್ ಇರುವ ನರ್ಸಿಂಗ್ ಕಾಲೇಜು ಯಾವುದು ಎಂದು ಆಪಾಳನ್ನು ಕೇಳಿದರು. ನೈಟಿಂಗೇಲ್ ಅವರ ತಂದೆ ಒಪ್ಪಲು ಎಂಟು ವರ್ಷ ತೆಗೆದುಕೊಂಡರು. ನಮ್ಮ ಅಬ್ಬಾಗೆ ಎರಡು ವಾರವೂ ಆಗಿಲ್ಲ.

ಗೆಳತಿಯರೇ, ಗೆಳೆಯರೇ, ನಿಮ್ಮ ಮನೆಯಲ್ಲೂ ಯಾರಾದರೂ ನರ್ಸಿಂಗ್ ಓದುತ್ತೇನೆ ಎಂದರೆ ಬೇಡ ಎನ್ನುವ ಮೊದಲು ಒಂದು ಸಲ ಕುಳಿತು ಲೆಕ್ಕ ಹಾಕಿ ನೋಡಿ. ಲೆಕ್ಕ ಬರುವ ನಾವೇ ಅಕ್ಕತಂಗಿಯರಿಗೆ ಅಷ್ಟು ಸಹಾಯ ಮಾಡದಿದ್ದರೆ ಇನ್ನಾರು ಮಾಡಬೇಕು?

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ